ಹಾಥಾರ್ನ್ ಕ್ಯಾಪ್ಸೂಲ್: ಎಲೆ-ಹೂವಿನ ಸಾರ ಬ್ಯಾರೆ, ಹಣ್ಣಿನ ಪುಡಿ ಬ್ಯಾರೆ. ನಮ್ಮ ಹೊಳೆಮತ್ತಿ (ಅರ್ಜುನ) ತೊಗಟಿ ಎಲ್ಲಿ ನಿಲ್ತದ?

ಶಹಾಬಜಾರ್ ಓಣಿ, ಕಲಬುರಗಿ
ನಮಸ್ಕಾರ್ರಿ ಎಲ್ಲರಿಗೂ. ಹೃದಯಕ್ಕ ಅಂತ ಮಾರೋ ಹಾಥಾರ್ನ್ ಮೂಲಿಕಿ ಬಗ್ಗೆ ತಿಳಿದವರು ಜರಾ ಬಿಡಿಸಿ ಹೇಳ್ರಿ. ಆನ್‌ಲೈನ್‌ದಾಗ ಎರಡು ಡಬ್ಬಿ ಅವ. ಒಂದರ ಮ್ಯಾಲ "ಹಾಥಾರ್ನ್ ಬೆರ್ರಿ 500 ಮಿ.ಗ್ರಾಂ" ಅಂತ ಅಷ್ಟೇ ಬರೆದದ. ಇನ್ನೊಂದರ ಮ್ಯಾಲ "ಎಲೆ ಮತ್ತು ಹೂವಿನ ಸಾರ 450 ಮಿ.ಗ್ರಾಂ, ಒಪಿಸಿ 18.75%" ಅಂತ ಅದ. ರೇಟಿನಾಗ ಭಾಳ ಫರಕು. ಮನ್ಯಾಗ ಹಿರಿಯರಿಗೆ ಬಿಪಿ ಅದ, ಎಕೋದಾಗ ಇಎಫ್ (ಹೃದಯ ಒಂದೊಂದು ಬಡಿತಕ್ಕ ಎಷ್ಟು ಪಾಲು ರಕ್ತ ಹೊರಗ ತಳ್ತದ ಅನ್ನೋ ಲೆಕ್ಕ) 40% ಬಂದದ, ಮೆಟೊಪ್ರೊಲಾಲ್ ಮತ್ತ ರಾಮಿಪ್ರಿಲ್ ನಡ್ದಾವ. ಈ ಎರಡು ಡಬ್ಬಿ ಒಂದೇನಾ? ಒಪಿಸಿ ಅಂದ್ರ ಏನು? ಈಗಿನ ಗುಳಿಗಿ ಜೋಡಿ ಕೊಟ್ಟರ ನಡೀತದೇನು?

ಮೂಲಿಕೆ ಪಾಠ, ಕಲಬುರಗಿ
ಎರಡೂ ಒಂದೇ ಅಲ್ಲ. ಗಿಡ ಒಂದೇ ಜಾತಿಯದಾದರೂ ಭಾಗ ಬದಲಾದರೆ ಒಳಗಿನ ಸರಕೂ ಬದಲಾಗುತ್ತದೆ. ಮೊದಲು ಗಿಡದ ಬಗ್ಗೆ ಎರಡು ಮಾತು. ಹಾಥಾರ್ನ್ ಎಂದರೆ ಕ್ರಟೇಗಸ್ ಕುಲ, ಗುಲಾಬಿ-ಸೇಬಿನ ಕುಟುಂಬ. ಯೂರೋಪಿನ ಔಷಧಿಗಳಲ್ಲಿ ಬಳಸುವುದು ಮುಖ್ಯವಾಗಿ ಕ್ರಟೇಗಸ್ ಮೊನೊಗೈನಾ ಮತ್ತು ಕ್ರಟೇಗಸ್ ಲೀವಿಗೇಟಾ. ಚೀನಾದಲ್ಲಿ ಬಳಸುವುದು ಕ್ರಟೇಗಸ್ ಪಿನ್ನಾಟಿಫಿಡಾ; ಅದರ ಹಣ್ಣು ದಪ್ಪ, ತಿನ್ನಲಿಕ್ಕೂ ಬರುತ್ತದೆ. ಲೇಬಲ್ ಮೇಲೆ ಈ ಪೂರ್ತಿ ಹೆಸರು ಇಲ್ಲದೆ ಬರೀ "ಹಾಥಾರ್ನ್" ಎಂದಿದ್ದರೆ ಅಲ್ಲೇ ಒಂದು ಅಂಕ ಕಳೆಯಿರಿ.

ಇನ್ನು ಒಳಗೇನಿದೆ ಎಂಬುದು. ಕೆಲಸ ಮಾಡುವವು ಎಂದು ಗುರುತಿಸಿರುವುದು ಎರಡು ಗುಂಪು. ಮೊದಲನೆಯದು ಫ್ಲೇವನಾಯ್ಡ್‌ಗಳು: ಹೈಪರೊಸೈಡ್, ವೈಟೆಕ್ಸಿನ್, ವೈಟೆಕ್ಸಿನ್‌ಗೆ ರಾಮ್ನೋಸ್ ಸಕ್ಕರೆ ಅಂಟಿಕೊಂಡ ರೂಪ, ರುಟಿನ್. ಹೂವಿನಲ್ಲಿ ಹೈಪರೊಸೈಡ್ ಹೆಚ್ಚು, ಎಲೆಯಲ್ಲಿ ವೈಟೆಕ್ಸಿನ್-ರಾಮ್ನೋಸೈಡ್ ಹೆಚ್ಚು. ಅದಕ್ಕೇ ಹೂ ಬಿಡುವ ಕಾಲಕ್ಕೆ ಎಲೆ-ಹೂವು ಕೂಡಿದ ಟೊಂಗೆಯ ತುದಿಯನ್ನೇ ಕೊಯ್ಯುತ್ತಾರೆ. ಎರಡನೆಯ ಗುಂಪು ನೀವು ಕೇಳಿದ ಒಪಿಸಿ, ಅಂದರೆ ಆಲಿಗೋಮೆರಿಕ್ ಪ್ರೊಆಂಥೋಸಯನಿಡಿನ್. ಎಪಿಕ್ಯಾಟೆಚಿನ್ ಎಂಬ ಅಣುಗಳು ಎರಡು, ಮೂರು, ನಾಲ್ಕು ಹೀಗೆ ಸರಪಳಿಯಾಗಿ ಜೋಡಿಸಿಕೊಂಡದ್ದು. ಎರಡು ಅಣುಗಳ ಪ್ರೊಸಯನಿಡಿನ್ ಬಿ2 ಇದರಲ್ಲಿ ಮುಖ್ಯವಾದದ್ದು. ಸರಪಳಿ ಗಿಡ್ಡ ಇದ್ದರೆ ಕರುಳು ಸ್ವಲ್ಪವಾದರೂ ಹೀರುತ್ತದೆ, ಉದ್ದವಾದಷ್ಟು ಒಗರು ಹೆಚ್ಚು, ಹೀರಿಕೆ ಕಡಿಮೆ. ಇವೆರಡರ ಜೊತೆಗೆ ಕ್ಲೋರೊಜೆನಿಕ್ ಆಮ್ಲ, ಅರ್ಸೋಲಿಕ್ ಮತ್ತು ಓಲಿಯಾನೋಲಿಕ್ ಆಮ್ಲಗಳೂ ಇವೆ.

ಯೂರೋಪಿನ ಫಾರ್ಮಕೋಪಿಯಾ (ಔಷಧಿ ಗುಣಮಟ್ಟದ ಅಧಿಕೃತ ಗ್ರಂಥ) ಎಲೆ-ಹೂವಿಗೆ ಹಾಕಿರುವ ಷರತ್ತು: ಒಣ ಸರಕಿನಲ್ಲಿ ಹೈಪರೊಸೈಡ್ ಲೆಕ್ಕದಲ್ಲಿ ಒಟ್ಟು ಫ್ಲೇವನಾಯ್ಡ್ 1.5% ಕಡಿಮೆ ಇರಬಾರದು. ಹಣ್ಣಿಗೆ ಕೇಳುವುದು ಪ್ರೊಸಯನಿಡಿನ್ 0.06% ಮಾತ್ರ. ಅಳೆಯುವ ವಸ್ತು ಬೇರೆಯಾದ್ದರಿಂದ ಎರಡು ಅಂಕಿಯನ್ನು ನೇರ ಹೋಲಿಸಬಾರದು. ಆದರೂ ಹಣ್ಣಿನಿಂದ ಎಷ್ಟು ಕಡಿಮೆ ನಿರೀಕ್ಷೆ ಇದೆ ಎಂಬುದು ಅದರಲ್ಲೇ ಕಾಣುತ್ತದೆ.

ಮೆಡಿಕಲ್ ಕೌಂಟರ್, ಸುಪರ್ ಮಾರ್ಕೆಟ್
ಲೆಕ್ಕ ನಾ ಹೇಳ್ತೀನಿ. 450 ಮಿ.ಗ್ರಾಂ ಸಾರದಾಗ 18.75% ಒಪಿಸಿ ಅಂದ್ರ ಒಂದು ಗುಳಿಗಿಗೆ 84.4 ಮಿ.ಗ್ರಾಂ. ದಿನಕ್ಕ ಎರಡು ಅಂದ್ರ 168.75. ಜರ್ಮನಿಯ ಕಮಿಷನ್ ಇ (ಮೂಲಿಕಿ ಔಷಧಿ ಪರಿಶೀಲಿಸೋ ತಜ್ಞರ ಸಮಿತಿ) 1994ರಾಗ ಎಲೆ-ಹೂವಿನ ಸಾರಕ್ಕ ಒಪ್ಪಿಗಿ ಕೊಟ್ಟಾಗ ದಿನಕ್ಕ 160ರಿಂದ 900 ಮಿ.ಗ್ರಾಂ ಸಾರ, ಒಪಿಸಿ ಲೆಕ್ಕದಾಗ 30ರಿಂದ 168.7 ಮಿ.ಗ್ರಾಂ ಅಂತ ಇಟ್ಟಿತ್ತು. ನಿಮ್ಮ ಎರಡನೇ ಡಬ್ಬಿ ಆ ಮೇಲಿನ ಮಿತಿಗೆ ಸರೀ ಕೂಡ್ತದ. ಅದು ಡಬ್ಲ್ಯೂಎಸ್ 1442 ಅನ್ನೋ ಜರ್ಮನ್ ಸಾರದ ಅಳತಿ. 45% ಆಲ್ಕೋಹಾಲ್‌ದಾಗ ಎಲೆ-ಹೂವು ನೆನೆಸಿ ತೆಗೆದದ್ದು, ಸುಮಾರು 4ರಿಂದ 6.6 ಕಿಲೋ ಸರಕಿಗೆ 1 ಕಿಲೋ ಸಾರ.

ಮೊದಲನೇ ಡಬ್ಬಿ ಒಣಹಣ್ಣು ಬೀಸಿದ ಪುಡಿ. 500 ಅನ್ನೋದು ಪುಡಿಯ ತೂಕ, ಔಷಧಿ ಅಂಶದ ತೂಕ ಅಲ್ಲ. 500 ದೊಡ್ಡದು, 450 ಸಣ್ಣದು ಅಂತ ತಗೊಂಡು ಹೋಗೋ ಮಂದಿ ಭಾಳ ಅದಾರ, ಅಲ್ಲೇ ಎಡವೋದು.

ಇನ್ನೊಂದು ನೋಡ್ರಿ. ಕೆಲವು ಡಬ್ಬಿ ಮ್ಯಾಲ "10:1 ಎಕ್ಸ್‌ಟ್ರಾಕ್ಟ್" ಅಂತ ಇರ್ತದ. ಯಾವ ದ್ರಾವಕದಾಗ ತೆಗೆದದ್ದು, ಯಾವ ಅಂಶ ಎಷ್ಟು ಶೇಕಡಾ, ಇವೆರಡೂ ಇಲ್ಲಂದ್ರ ಆ 10:1ಕ್ಕ ಅರ್ಥ ಇಲ್ಲ. ಸಾರ ಒಣಗಿಸೋವಾಗ ಮಾಲ್ಟೊಡೆಕ್ಸ್‌ಟ್ರಿನ್ ಅನ್ನೋ ಪಿಷ್ಟದ ಪುಡಿ ಬೆರೆಸ್ತಾರ, ಅದೂ ತೂಕದಾಗೇ ಸೇರ್ತದ.

ಯಾದಗಿರಿ ಸ್ಟೇಷನ್ ರೋಡ್
ಹಂಗಾದ್ರ ಹಣ್ಣಿನ ಪುಡಿ ಪೂರಾ ವ್ಯರ್ಥ ಅಂತೀರೇನು? ಚೀನಾದವರು ಸಾವಿರಾರು ವರ್ಷದಿಂದ ತಿಂತಾರ ಅಂತಾರಲ್ಲ.

ಮೂಲಿಕೆ ಪಾಠ, ಕಲಬುರಗಿ
ವ್ಯರ್ಥ ಅಲ್ಲ ಸರ್, ಉದ್ದೇಶ ಬೇರೆ. ಚೀನಿ ವೈದ್ಯದಲ್ಲಿ ಆ ಹಣ್ಣಿನ ಹಳೆಯ ಬಳಕೆ ಮುಖ್ಯವಾಗಿ ಅಜೀರ್ಣಕ್ಕೆ, ಅದರಲ್ಲೂ ಮಾಂಸ-ಕೊಬ್ಬಿನ ಊಟ ಭಾರವಾದಾಗ. ಹಣ್ಣಿನಲ್ಲಿ ಹುಳಿ ಆಮ್ಲಗಳು, ಪೆಕ್ಟಿನ್, ಸ್ವಲ್ಪ ವಿಟಮಿನ್ ಸಿ ಇವೆ. ಆಹಾರವಾಗಿ ಒಳ್ಳೆಯದೇ. ಆದರೆ ಹೃದಯದ ಮೇಲೆ ನಡೆದ ದೊಡ್ಡ ಪರೀಕ್ಷೆಗಳು ಎಲೆ-ಹೂವಿನ ಸಾರದ ಮೇಲೆ. ಆ ಫಲಿತಾಂಶವನ್ನು ಹಣ್ಣಿನ ಪುಡಿ ಡಬ್ಬಿಯ ಮೇಲೆ ಅಚ್ಚು ಹಾಕುವುದು ತಪ್ಪು.

ಇನ್ನೊಂದು ಎಚ್ಚರ, ಬೀಜದ್ದು. ಸೇಬಿನ ಬೀಜದಲ್ಲಿ ಇರುವ ಅಮಿಗ್ಡಲಿನ್ ಇದರ ಬೀಜದಲ್ಲೂ ಇದೆ; ಅರೆದಾಗ ಸಯನೈಡ್ ಬಿಡುಗಡೆಯಾಗುತ್ತದೆ. ಇಡೀ ಬೀಜ ಒಂದೆರಡು ನುಂಗಿದರೆ ಚಿಂತೆ ಇಲ್ಲ. ಬೀಜ ಸಮೇತ ಬೀಸಿದ ಪುಡಿಯನ್ನು ಚಮಚಗಟ್ಟಲೆ ದಿನಾ ತಿನ್ನುವುದು ಬೇಡ. ಒಣಹಣ್ಣು ಸಿಕ್ಕರೆ ಬೀಜ ತೆಗೆದ ಬಿಲ್ಲೆಗಳನ್ನೇ ಕೊಳ್ಳಿ. ಮಿಕ್ಸಿಗೆ ಹಾಕದೆ ನೀರಲ್ಲಿ ಸಣ್ಣಗೆ ಕುದಿಸಿ ಸೋಸಿ.

ಎಲೆ-ಹೂವಿನ ಚಹಾ ಮಾಡುವವರು 1ರಿಂದ 2 ಗ್ರಾಂ ಒಣ ಸರಕಿಗೆ 150 ಮಿ.ಲೀ. ಕುದಿವ ನೀರು ಹೊಯ್ದು ಮುಚ್ಚಿಡಿ, ಹತ್ತು-ಹದಿನೈದು ನಿಮಿಷ ಬಿಟ್ಟು ಸೋಸಿ. ಮುಚ್ಚದೆ ಚಹಾಪುಡಿಯಂತೆ ಗಳಗಳ ಕುದಿಸಿದರೆ ಒಗರು ಮಾತ್ರ ಏರುತ್ತದೆ. ಕಂದು ಬಣ್ಣಕ್ಕೆ ತಿರುಗಿದ ಹಳೆ ಎಲೆ ಬೇಡ. ಅದರಲ್ಲಿ ಒಪಿಸಿ ಆಗಲೇ ಗಾಳಿಗೆ ಉತ್ಕರ್ಷಣಗೊಂಡು ಒಂದಕ್ಕೊಂದು ಅಂಟಿ ದೊಡ್ಡ ಅಣುವಾಗಿರುತ್ತದೆ.

ಹೃದಯ ವಾರ್ಡ್, ಕಲಬುರಗಿ
ಶಹಾಬಜಾರ್ ಅಣ್ಣಾರ, ನಿಮ್ಮ ಮೂರನೇ ಪ್ರಶ್ನಿಗೆ ಬರ್ತೀನಿ, ಅದೇ ಮುಖ್ಯ. ಇಎಫ್ 40% ಅಂದ್ರ ಹೃದಯದ ಪಂಪು ಕಮ್ಮಿ ಆಗ್ಯಾದ. ಇಂಥವರ ಆಯುಷ್ಯ ಹೆಚ್ಚಿಸ್ತಾವ ಅಂತ ಪಕ್ಕಾ ಗೊತ್ತಿರೋ ಔಷಧಿ ನಾಲ್ಕು ವರ್ಗ: ಬೀಟಾ ಬ್ಲಾಕರ್ (ನಿಮ್ಮ ಮೆಟೊಪ್ರೊಲಾಲ್ ಇದೇ), ರಾಮಿಪ್ರಿಲ್ ಇಲ್ಲಾ ಅದರ ಜಾಗದಾಗ ಬರೋ ಎಆರ್‌ಎನ್‌ಐ (ಸ್ಯಾಕುಬಿಟ್ರಿಲ್-ವಾಲ್ಸಾರ್ಟನ್), ಸ್ಪೈರನೊಲ್ಯಾಕ್ಟೋನ್ ವರ್ಗ, ಎಸ್‌ಜಿಎಲ್‌ಟಿ2 ವರ್ಗ (ಡಾಪಾಗ್ಲಿಫ್ಲೋಜಿನ್ ಥರದವು). ನಿಮ್ಮ ಪಟ್ಟಿಯಾಗ ಎರಡೇ ಅವ. ಹಾಥಾರ್ನ್‌ಗೆ ರೊಕ್ಕ ಹಾಕೋಕಿಂತ ಮೊದಲು ಉಳಿದೆರಡು ಯಾಕ ಇಲ್ಲ ಅಂತ ನಿಮ್ಮ ಡಾಕ್ಟರಿಗೆ ಕೇಳ್ರಿ. ಕಿಡ್ನಿ, ಪೊಟ್ಯಾಸಿಯಂ ಕಾರಣಕ್ಕ ಬಿಟ್ಟಿರಬಹುದು, ಇಲ್ಲಾ ಮುಂದಿನ ಸರ್ತಿ ಸೇರಿಸೋ ವಿಚಾರ ಇರಬಹುದು. ಜಯದೇವ ಸಂಸ್ಥೆ ಕಲಬುರಗಿಯಾಗೇ ಅದ, ಎಕೋ ತೋರಿಸಿ ಅಭಿಪ್ರಾಯ ತಗೋಬಹುದು.

ಈಗ ಪರೀಕ್ಷೆಗಳು. 2008ರ ಕಾಕ್ರೇನ್ ವಿಮರ್ಶೆ 14 ಪ್ರಯೋಗ ಕೂಡಿಸಿ ನೋಡಿ, ಉಸಿರುಕಟ್ಟು, ದಣಿವು, ವ್ಯಾಯಾಮದ ತ್ರಾಣ ಇವುಗಳಲ್ಲಿ ಸಾರ ತಗೊಂಡವರಿಗೆ ಫಾಯದೆ ಕಂಡದ ಅಂತ ಹೇಳ್ತು. ಅದೇ ವರ್ಷ ಸ್ಪೈಸ್ ಅನ್ನೋ ದೊಡ್ಡ ಪ್ರಯೋಗ ಬಂತು: 2681 ರೋಗಿಗಳು, ಇಎಫ್ 35% ಅಥವಾ ಕಮ್ಮಿ, ದಿನಕ್ಕ 900 ಮಿ.ಗ್ರಾಂ, 24 ತಿಂಗಳು. ಮುಖ್ಯ ಗುರಿಯಾಗ, ಅಂದ್ರ ಹೃದಯ ಸಂಬಂಧಿ ಸಾವು, ಹೃದಯಾಘಾತ, ಆಸ್ಪತ್ರಿ ಸೇರೋದು ಕೂಡಿಸಿ ನೋಡಿದಾಗ, ಖಾಲಿ ಗುಳಿಗಿ ತಗೊಂಡವರಿಗೂ ಇವರಿಗೂ ಗಣನೀಯ ಫರಕು ಬರಲಿಲ್ಲ. ಇಎಫ್ 25%ಕ್ಕಿಂತ ಮ್ಯಾಲ ಇದ್ದವರಾಗ ಹಠಾತ್ ಸಾವು ಕಮ್ಮಿ ಅಂತ ಒಂದು ಉಪಗುಂಪಿನ ಲೆಕ್ಕ ಅದ. ಜಾಹೀರಾತಿನವರು ಅದನ್ನೇ ಎತ್ತಿ ತೋರಿಸ್ತಾರ. ಉಪಗುಂಪಿನ ಲೆಕ್ಕ ಮುಂದಿನ ಪ್ರಯೋಗಕ್ಕ ಸುಳಿವು ಅಷ್ಟೇ, ಅದರ ಮ್ಯಾಲ ಔಷಧಿ ನಿರ್ಧಾರ ಮಾಡಬಾರದು. 2009ರಾಗ ಅಮೆರಿಕದ ಇನ್ನೊಂದು ಪ್ರಯೋಗ, 120 ಮಂದಿ, ದಿನಕ್ಕ 900 ಮಿ.ಗ್ರಾಂ, ಆರು ತಿಂಗಳು. ಆರು ನಿಮಿಷದ ನಡಿಗಿ ದೂರ ಹೆಚ್ಚಾಗಲಿಲ್ಲ.

ಬಿಪಿ ವಿಷಯ: 2006ರಾಗ ಸಕ್ಕರಿ ಕಾಯಿಲೆಯ 79 ಮಂದಿಗೆ 16 ವಾರ ದಿನಕ್ಕ 1200 ಮಿ.ಗ್ರಾಂ ಕೊಟ್ಟಾಗ ಕೆಳಗಿನ ಬಿಪಿ 2.6 ಇಳೀತು. ಮ್ಯಾಲಿನದರಾಗ ಎರಡು ಗುಂಪಿಗೆ ಫರಕಿಲ್ಲ. ಇಷ್ಟು ಸಣ್ಣ ಇಳಿಕಿಗೆ ಬಿಪಿ ಗುಳಿಗಿ ಬಿಡಬ್ಯಾಡ್ರಿ.

ಜೋಡಿ ಕೊಡೋದು: ಇದು ರಕ್ತನಾಳದ ಒಳಪದರದಾಗ ನೈಟ್ರಿಕ್ ಆಕ್ಸೈಡ್ ಹೆಚ್ಚಿಸಿ ನಾಳ ಸಡಿಲ ಮಾಡ್ತದ, ಪ್ರಯೋಗಾಲಯದಾಗ ಹೃದಯ ಸ್ನಾಯುವಿನ ಬಲಾನೂ ಜರಾ ಏರಿಸ್ತದ. ಹಂಗಾಗಿ ಬೀಟಾ ಬ್ಲಾಕರ್, ಬಿಪಿ ಗುಳಿಗಿ, ನೈಟ್ರೇಟ್, ಸಿಲ್ಡೆನಾಫಿಲ್ ಜೋಡಿ ಬಿಪಿ ಹೆಚ್ಚು ಇಳಿದು ತಲಿ ತಿರುಗಬಹುದು. ಡಿಗಾಕ್ಸಿನ್ ಅನ್ನೋ ಹೃದಯದ ಗುಳಿಗಿ ತಗೊಳ್ಳೋರು ಡಾಕ್ಟರಿಗೆ ಹೇಳದೆ ಮುಟ್ಟಲೇಬಾರದು. ಪರಿಣಾಮ ಕೂಡೋದು ಒಂದು. ರಕ್ತದಾಗಿನ ಡಿಗಾಕ್ಸಿನ್ ಅಳೆಯೋ ಕೆಲವು ಕಿಟ್‌ಗಳ ಓದಿಗೂ ಹಾಥಾರ್ನ್ ಅಡ್ಡ ಬರ್ತದ, ರಿಪೋರ್ಟ್ ತಪ್ಪು ಬರ್ತದ. ಆಪರೇಷನ್ ಇದ್ದರ ಎರಡು ವಾರ ಮೊದಲೇ ನಿಲ್ಲಿಸಿ ಸರ್ಜನ್‌ಗೆ ತಿಳಿಸ್ರಿ, ರಕ್ತಸ್ರಾವದ ಅನುಮಾನ ಅದ. ಬಸುರಿದ್ದವರು, ಹಾಲುಣಿಸೋರು ತಗೋಬಾರದು.

ಮೂರು ದಿನದಾಗ ತೂಕ 2 ಕಿಲೋ ಏರಿದ್ರ, ಕಾಲು ಬಾತ್ರ, ರಾತ್ರಿ ಮಲಗಿದಾಗ ಉಸಿರು ಕಟ್ಟಿದ್ರ ಯಾವ ಮೂಲಿಕಿಗೂ ಕಾಯಬ್ಯಾಡ್ರಿ, ಅವತ್ತೇ ಆಸ್ಪತ್ರಿಗೆ ಬರ್ರಿ.

ಶಹಾಬಜಾರ್ ಓಣಿ, ಕಲಬುರಗಿ
ಭಾಳ ಉಪಕಾರ ಆಯ್ತ್ರಿ ಡಾಕ್ಟರ್ ಸಾಹೇಬ್ರ. ಉಳಿದೆರಡು ಗುಳಿಗಿ ವಿಷಯ ಮೊದಲು ಕೇಳ್ತೀವಿ. ಇನ್ನೊಂದು: ಈ ಗಿಡ ನಮ್ಮ ಕಡಿ ಬೆಳೀತದೇನು? ಹಿತ್ತಲದಾಗ ಜಾಗ ಅದ.

ಹಳ್ಳದ ದಂಡಿ, ಚಿಂಚೋಳಿ
ಇಲ್ಲಿ ಬೆಳೆಯಲ್ಲ. ಹೂ ಬಿಡಲಿಕ್ಕೆ ಚಳಿಗಾಲದ ಗಟ್ಟಿ ತಂಪು ಬೇಕು. ಭಾರತದಲ್ಲಿ ಕ್ರಟೇಗಸ್ ಕಾಶ್ಮೀರ, ಹಿಮಾಚಲದ ಕಡೆ ಸಿಗುತ್ತದೆ. ನಮ್ಮ ಮೇ ತಿಂಗಳಿಗೆ ಸಸಿ ನಿಲ್ಲುವುದೇ ಕಷ್ಟ, ನಿಂತರೂ ಹೂ ಕಾಣುವುದಿಲ್ಲ. ಆನ್‌ಲೈನ್‌ನಲ್ಲಿ ಬೀಜ ಮಾರುವವರ ಮಾತು ಕೇಳಬೇಡಿ.

ಇದೇ ಕೆಲಸಕ್ಕೆ ನಮ್ಮ ಹಳ್ಳದ ದಂಡೆಗೆ ಇರುವುದು ಹೊಳೆಮತ್ತಿ, ಅರ್ಜುನ ಮರ. ಅದರ ಬಗ್ಗೆ ಬೀದರದ ವೈದ್ಯರು ಹೇಳಲಿ.

ವೈದ್ಯ, ಬೀದರ
ಹೌದು, ಹೋಲಿಕೆ ಸರಿಯಾಗಿದೆ, ಆದರೆ ಎರಡೂ ಒಂದೇ ಎಂದು ತಿಳಿಯಬೇಡಿ. ಹೊಳೆಮತ್ತಿ ತೊಗಟೆಯಲ್ಲೂ ಒಪಿಸಿ ಇದೆ, ಫ್ಲೇವನಾಯ್ಡ್ ಇದೆ. ಹಾಥಾರ್ನ್‌ನಲ್ಲಿ ಇಲ್ಲದ್ದು ಅರ್ಜುನೋಲಿಕ್ ಆಮ್ಲ, ಅರ್ಜುನಿಕ್ ಆಮ್ಲ, ಅರ್ಜುನೆಟಿನ್ ಎಂಬ ಟ್ರೈಟರ್ಪೀನ್‌ಗಳು. ಒಗರು ಕೊಡುವ ಟ್ಯಾನಿನ್ ಅಂಶವೂ ಬಹಳ.

ನಾವು ಕೊಡುವುದು ಕ್ಷೀರಪಾಕ, ಅಂದರೆ ಹಾಲಿನಲ್ಲಿ ಕಾಯಿಸಿದ ಕಷಾಯ. ಅಳತೆ ಒಂದಕ್ಕೆ ಎಂಟು ಹಾಲು, ಮೂವತ್ತೆರಡು ನೀರು. ಅಂದರೆ 6 ಗ್ರಾಂ ತೊಗಟೆ ತರಿಗೆ 48 ಮಿ.ಲೀ. ಹಾಲು, 192 ಮಿ.ಲೀ. ನೀರು. ಸ್ಟೀಲ್ ಪಾತ್ರೆಯಲ್ಲಿ ಮೂರನ್ನೂ ಕೂಡಿಸಿ, ಸಣ್ಣ ಉರಿಯಲ್ಲಿ ಕೈಯಾಡಿಸುತ್ತಾ ನೀರೆಲ್ಲ ಇಂಗಿ ಹಾಲಿನಷ್ಟೇ, ಅಂದರೆ 48 ಮಿ.ಲೀ. ಉಳಿಯುವವರೆಗೆ ಕಾಯಿಸಿ. ಶುರುವಿಗೆ 48 ಮಿ.ಲೀ. ನೀರು ಹಾಕಿ ಪಾತ್ರೆಯಲ್ಲಿ ಎಲ್ಲಿಗೆ ಬರುತ್ತದೆ ಎಂದು ಒಂದು ಕಡ್ಡಿ ಅದ್ದಿ ಗುರುತು ಮಾಡಿಕೊಳ್ಳಿ, ಅಂದಾಜು ತಪ್ಪುವುದಿಲ್ಲ. ಬಿಸಿ ಇರುವಾಗಲೇ ಬಟ್ಟೆಯಲ್ಲಿ ಸೋಸಿ.

ಎಲ್ಲಿ ಕೆಡುತ್ತದೆ? ಉರಿ ಜೋರಾದರೆ ಟ್ಯಾನಿನ್ ಹಾಲಿನ ಪ್ರೋಟೀನಿಗೆ ಅಂಟಿ ಹಾಲು ಒಡೆಯುತ್ತದೆ. ಹಾಲು ಹಿಂದಿನ ದಿನದ್ದು, ಸ್ವಲ್ಪ ಹುಳಿ ತಿರುಗಿದ್ದಾದರೆ ಒಡೆಯುವುದು ಖಚಿತ. ಮೈದಾದಂಥ ನುಣ್ಣನೆ ಪುಡಿ ಹಾಕಿದರೆ ಸೋಸಲಿಕ್ಕೆ ಬಾರದೆ ತಳದಲ್ಲಿ ಕೆಸರು ಕೂಡುತ್ತದೆ, ಅದು ಹೊಟ್ಟೆಗೆ ಹೋದರೆ ಮಲಬದ್ಧತೆ. ಜೋಳದ ರವೆಯಷ್ಟು ತರಿ ಇರಲಿ. ಕಬ್ಬಿಣದ ಬಾಣಲೆ ಬೇಡವೇ ಬೇಡ, ಟ್ಯಾನಿನ್ ಕಬ್ಬಿಣಕ್ಕೆ ಸೇರಿ ಇಡೀ ಪಾಕ ಮಸಿಯಂತೆ ಕಪ್ಪಾಗುತ್ತದೆ.

ಪುರಾವೆಯ ಮಾತು ಬಂದರೆ ಇಲ್ಲೂ ಹಾಥಾರ್ನ್ ಕಥೆಯೇ. 1990ರ ದಶಕದ ಸಣ್ಣ ಪ್ರಯೋಗಗಳಲ್ಲಿ 500 ಮಿ.ಗ್ರಾಂ ಎಂಟು ತಾಸಿಗೊಮ್ಮೆ ಕೊಟ್ಟಾಗ ಲಕ್ಷಣ ತಗ್ಗಿತು. 2016ರಲ್ಲಿ ಪ್ರಕಟವಾದ, ನೀರಿನ ಸಾರ 750 ಮಿ.ಗ್ರಾಂ ದಿನಕ್ಕೆರಡು ಸಲ 12 ವಾರ ಕೊಟ್ಟ ಪ್ರಯೋಗದಲ್ಲಿ ಇಎಫ್ ಏರಲಿಲ್ಲ. ಆದ್ದರಿಂದ ವಾರ್ಡ್ ಡಾಕ್ಟರು ಹೇಳಿದ್ದು ಇದಕ್ಕೂ ಅನ್ವಯ. ಗುಳಿಗೆ ನಿಲ್ಲಿಸಿ ಕ್ಷೀರಪಾಕಕ್ಕೆ ಹೋಗಬೇಡಿ. ಹಾಥಾರ್ನ್ ಮತ್ತು ಹೊಳೆಮತ್ತಿ ಎರಡನ್ನೂ ಒಟ್ಟಿಗೆ ಶುರು ಮಾಡಬೇಡಿ. ತಲೆ ತಿರುಗಿದರೆ ಯಾವುದರಿಂದ ಎಂದು ತಿಳಿಯುವುದಿಲ್ಲ.

ಯಾದಗಿರಿ ಸ್ಟೇಷನ್ ರೋಡ್
ವೈದ್ಯರೇ, ಗಂಜ್‌ನಾಗ "ಅರ್ಜುನ ಛಾಲ್" ಅಂತ ಕೇಳಿದ್ರ ಒಂದೊಂದು ಅಂಗಡಿಯಾಗ ಒಂದೊಂದು ಥರ ಕೊಡ್ತಾರ. ಗುರ್ತು ಹೆಂಗ ಹಿಡೀಬೇಕು?

ಹಳ್ಳದ ದಂಡಿ, ಚಿಂಚೋಳಿ
ಪುಡಿ ಕೊಳ್ಳಬೇಡಿ, ತೊಗಟೆ ತುಂಡು ಕೊಳ್ಳಿ. ಹೊಳೆಮತ್ತಿ ಮರದ ಮೈ ನುಣುಪು, ಬೂದು-ಬಿಳಿ, ಅಲ್ಲಲ್ಲಿ ಗುಲಾಬಿ ಛಾಯೆ. ಹೊರಪದರ ಅಗಲಗಲವಾದ ತೆಳು ಹಾಳೆಯಾಗಿ ತಾನೇ ಸುಲಿದು ಬೀಳುತ್ತದೆ. ತುಂಡನ್ನು ತಿರುಗಿಸಿ ಒಳಮೈ ನೋಡಿ, ತಿಳಿ ಕೆಂಪು ಅಥವಾ ಗುಲಾಬಿ-ಕಂದು, ಸಣ್ಣ ಉದ್ದುದ್ದ ಗೆರೆ. ಮುರಿದರೆ ಪಟ್ಟನೆ ಮುರಿಯುತ್ತದೆ. ಕಲಬೆರಕೆಗೆ ಬರುವುದು ಹೆಚ್ಚಾಗಿ ಕರಿಮತ್ತಿ: ಹೊರಮೈ ಕಪ್ಪು-ಬೂದು, ಆಳವಾದ ಸೀಳು, ಮೊಸಳೆ ಚರ್ಮದಂತೆ ಚೌಕ ಚೌಕ. ತುಂಡಾಗಿದ್ದಾಗ ಈ ಎರಡನ್ನು ಯಾರೂ ತಪ್ಪು ತಿಳಿಯಲಾರರು. ಪುಡಿಯಾದ ಮೇಲೆ ಕಣ್ಣಿಗೆ ಎರಡೂ ಒಂದೇ.

ಮರವೇ ಎದುರಿಗಿದ್ದರೆ ಕಾಯಿ ನೋಡಿ, ಐದು ಗಟ್ಟಿ ರೆಕ್ಕೆ. ಎಲೆಯ ಬುಡದಲ್ಲಿ, ತೊಟ್ಟು ಸೇರುವ ಕಡೆ, ಸಾಸಿವೆಯಷ್ಟು ಎರಡು ಗ್ರಂಥಿ.

ಸ್ವಂತ ಹೊಲದ ಮರದಿಂದ ತೆಗೆಯುವುದಾದರೆ ಒಂದು ಮಗ್ಗುಲಿಗೆ ಉದ್ದ ಪಟ್ಟಿ ತೆಗೆಯಿರಿ, ಸುತ್ತಲೂ ಬಳೆಯಂತೆ ಸುಲಿಯಬೇಡಿ. ಸುತ್ತ ಸುಲಿದರೆ ಎಲೆಯಲ್ಲಿ ತಯಾರಾದ ಆಹಾರ ಬೇರಿಗೆ ಇಳಿಯುವ ದಾರಿ ಕಡಿದು ಮರ ಸಾಯುತ್ತದೆ. ಒಳಗಿನ ಬಿಳಿ ಕಟ್ಟಿಗೆ ಕಾಣುವಷ್ಟು ಆಳಕ್ಕೆ ಹೋಗದೆ ಹೊರಗಿನ ತೊಗಟೆ ಮಾತ್ರ. ಚಿಂಚೋಳಿ ವನ್ಯಜೀವಿ ಧಾಮದೊಳಗಿನ ಮರಕ್ಕೆ ಕೈ ಹಚ್ಚಬೇಡಿ, 1972ರ ವನ್ಯಜೀವಿ ಕಾಯ್ದೆಯಡಿ ಅಪರಾಧ. ಧಾಮದ ಆಚೆಯ ಹಳ್ಳಗಳಲ್ಲೂ ಮರಗಳು ಸುಲಿಸಿಕೊಂಡು ಸಾಯುತ್ತಿವೆ, ನೋಡಿದರೆ ಸಂಕಟವಾಗುತ್ತದೆ. ಸಸಿ ನೆಡುವವರು ಬಾವಿ ಕಡೆ, ನೀರು ನಿಲ್ಲುವ ಬದುವಿಗೆ ನೆಡಿ, ಕರಿಮಣ್ಣಿನಲ್ಲಿ ಚೆನ್ನಾಗಿ ಬರುತ್ತದೆ.

ಮೆಡಿಕಲ್ ಕೌಂಟರ್, ಸುಪರ್ ಮಾರ್ಕೆಟ್
ಮನ್ಯಾಗ ಫೆರಿಕ್ ಕ್ಲೋರೈಡ್ ಹನಿ ಹಾಕಿ "ನೀಲಿ-ಕಪ್ಪು ಬಂತು, ಅಸಲಿ ಅದ" ಅಂತ ವಿಡಿಯೋ ಓಡಾಡ್ಲಿಕತ್ತದ. ಇದು ಖರೇನಾ ಪಾಠದವರೇ?

ಮೂಲಿಕೆ ಪಾಠ, ಕಲಬುರಗಿ
ಅದು ಟ್ಯಾನಿನ್-ಫೀನಾಲ್ ಇದೆ ಎಂದು ಹೇಳುತ್ತದೆ, ಯಾವ ಗಿಡದ್ದು ಎಂದು ಹೇಳುವುದಿಲ್ಲ. ಕರಿಮತ್ತಿ, ಜಾಲಿ ತೊಗಟೆ, ಚಹಾಪುಡಿ, ಅಳಲೆಕಾಯಿ ಎಲ್ಲಕ್ಕೂ ಕಪ್ಪು ಬರುತ್ತದೆ. ಅಸಲಿ ಪರೀಕ್ಷೆಗೆ ಲ್ಯಾಬ್ ಬೇಕು. ಒಪಿಸಿಗೆ ಆಮ್ಲ-ಬ್ಯುಟನಾಲ್ ವಿಧಾನ: ಬ್ಯುಟನಾಲ್ 95 ಭಾಗಕ್ಕೆ ಗಾಢ ಹೈಡ್ರೋಕ್ಲೋರಿಕ್ ಆಮ್ಲ 5 ಭಾಗ, ಸಾರ ಸೇರಿಸಿ ಸುಮಾರು 95 ಡಿಗ್ರಿಯಲ್ಲಿ ಕಾಯಿಸಿದರೆ ಸರಪಳಿ ತುಂಡಾಗಿ ಸಯನಿಡಿನ್‌ನ ಕೆಂಪು ಬರುತ್ತದೆ, ಅದನ್ನು 550 ನ್ಯಾನೊಮೀಟರ್ ಹತ್ತಿರ ಓದುತ್ತಾರೆ. ಇದೂ ಮೊತ್ತವನ್ನಷ್ಟೇ ಹೇಳುತ್ತದೆ. ದ್ರಾಕ್ಷಿ ಬೀಜದ ಸಾರ, ಶೇಂಗಾದ ಕೆಂಪು ಸಿಪ್ಪೆ ಬೆರೆಸಿದರೂ ಕೆಂಪು ಬರುತ್ತದೆ.

ಗಿಡದ ಗುರುತಿಗೆ ಎಚ್‌ಪಿಟಿಎಲ್‌ಸಿ ತಟ್ಟೆಯೇ ಬೇಕು, ಅದು ಸಾರದ ಅಂಶಗಳನ್ನು ಪಟ್ಟಿಪಟ್ಟಿಯಾಗಿ ಬಿಡಿಸಿ ತೋರಿಸುತ್ತದೆ. ನ್ಯಾಚುರಲ್ ಪ್ರಾಡಕ್ಟ್ ರೀಏಜೆಂಟ್ ಸಿಂಪಡಿಸಿ 366 ನ್ಯಾನೊಮೀಟರ್ ಬೆಳಕಿನಲ್ಲಿ ನೋಡಿದರೆ ಹೈಪರೊಸೈಡ್ ಕಿತ್ತಳೆ-ಹಳದಿ ಪಟ್ಟಿ, ವೈಟೆಕ್ಸಿನ್-ರಾಮ್ನೋಸೈಡ್ ಹಸಿರು-ಹಳದಿ, ಕ್ಲೋರೊಜೆನಿಕ್ ಆಮ್ಲ ತಿಳಿನೀಲಿ. ಮೂರೂ ಕಂಡರೆ ಎಲೆ-ಹೂವು ಎಂದು ನಂಬಬಹುದು. ಹಸಿರು-ಹಳದಿ ಪಟ್ಟಿಯೇ ಇಲ್ಲದಿದ್ದರೆ ಎಲೆ ಇಲ್ಲ, ಅಥವಾ ಬೇರೆ ಸರಕು. ಕಂಪನಿಗೆ ಬ್ಯಾಚ್ ನಂಬರ್ ಹೇಳಿ ವಿಶ್ಲೇಷಣಾ ಪತ್ರ ಕೇಳಿ, ಕೊಡದಿದ್ದರೆ ಬೇರೆ ಬ್ರ್ಯಾಂಡ್ ನೋಡಿ.

ಹೊಳೆಮತ್ತಿ ಪುಡಿಗೆ ಇನ್ನೊಂದು ಮಾತು. ಅದರಲ್ಲಿ ಕ್ಯಾಲ್ಸಿಯಂ ಆಕ್ಸಲೇಟ್ ಹರಳು ಬಹಳ, ಸುಟ್ಟರೆ ಬೂದಿ ಸಹಜವಾಗಿಯೇ ಹೆಚ್ಚು. ಒಟ್ಟು ಬೂದಿ ನೋಡಿ "ಮಣ್ಣು ಬೆರೆಸಿದ್ದಾರೆ" ಎನ್ನಬಾರದು. ಆಮ್ಲದಲ್ಲಿ ಕರಗದೆ ಉಳಿಯುವ ಬೂದಿ ಎಷ್ಟು ಎಂದು ನೋಡಬೇಕು, ಮರಳು ಸಿಕ್ಕುವುದು ಅಲ್ಲಿ.

ಶಹಾಬಜಾರ್ ಓಣಿ, ಕಲಬುರಗಿ
ಕಡೀ ಪ್ರಶ್ನಿ. ಹಿರಿಯರಿಗೆ ಹಿಮೊಗ್ಲೋಬಿನ್ ಕಮ್ಮಿ ಅಂತ ಐರನ್ ಗುಳಿಗಿನೂ ನಡ್ದದ. ಮುಂದ ಡಾಕ್ಟರು ಹೂಂ ಅಂದ್ರ ಹಾಥಾರ್ನ್ ಯಾವಾಗ ಕೊಡಬೇಕು, ಎಷ್ಟು ದಿನ, ಈ ಬಿಸಿಲಾಗ ಎಲ್ಲಿಡಬೇಕು?

ಮೆಡಿಕಲ್ ಕೌಂಟರ್, ಸುಪರ್ ಮಾರ್ಕೆಟ್
ಐರನ್ ಮತ್ತ ಇದಕ್ಕ ಕನಿಷ್ಠ ಎರಡು ತಾಸು ಅಂತರ ಇರಲಿ. ಒಪಿಸಿ ಕಬ್ಬಿಣಾನ ಹಿಡಕೊಂಡು ಹೀರಿಕಿ ಕಮ್ಮಿ ಮಾಡ್ತದ. ಐರನ್ ಮುಂಜಾನಿ ಖಾಲಿ ಹೊಟ್ಟಿಗೆ, ಹಾಥಾರ್ನ್ ಮಧ್ಯಾಹ್ನದ ಊಟ ಆದ ಮ್ಯಾಲ ಮತ್ತ ರಾತ್ರಿ ಊಟ ಆದ ಮ್ಯಾಲ ಅಂದ್ರ ಹೊಟ್ಟಿ ತೊಳಸೋದೂ ಕಮ್ಮಿ. ಹೊಳೆಮತ್ತಿಗೂ ಇದೇ ಅಂತರ. ಮೊದಲ ಎರಡು ವಾರ ಒಂದೇ ಗುಳಿಗಿ ಕೊಟ್ಟು, ಕೂತಾಗ ಒಮ್ಮೆ, ಎದ್ದು ನಿಂತು ಎರಡು ನಿಮಿಷಕ್ಕ ಒಮ್ಮೆ ಬಿಪಿ ಬರೆದಿಡ್ರಿ. ನಿಂತಾಗ ಮ್ಯಾಲಿನ ಬಿಪಿ 20 ಇಳಿದ್ರ ಇಲ್ಲಾ ನಾಡಿ 50ಕ್ಕಿಂತ ಕೆಳಗ ಹೋದ್ರ ನಿಲ್ಲಿಸಿ ಡಾಕ್ಟರಿಗೆ ಫೋನ್ ಮಾಡ್ರಿ.

ಫಾಯದೆ ಗೊತ್ತಾಗ್ಲಿಕ್ಕ ಕಮ್ಮಿ ಅಂದ್ರ ಆರು ವಾರ ಬೇಕು. ಹನ್ನೆರಡು ವಾರ ಆದ್ರೂ ಮೆಟ್ಟಲು ಏರೋದು, ದಣಿವು ಇದರಾಗ ಏನೂ ಫರಕಿಲ್ಲಂದ್ರ ಮುಂದುವರಿಸಬ್ಯಾಡ್ರಿ, ಆ ರೊಕ್ಕ ಉಳಿಸ್ರಿ.

ಇಡೋದು: ಸಾರ ಗಾಳಿಯ ತೇವ ಹೀರ್ತದ, ಬಿಸಿಲಿಗೆ ಕ್ಯಾಪ್ಸೂಲ್ ಮೆತ್ತಗಾಗಿ ಒಂದಕ್ಕೊಂದು ಅಂಟ್ತಾವ. ಫ್ರಿಜ್ಜಿನ ತಲಿ ಮ್ಯಾಲ, ಟಿವಿ ಪಕ್ಕ, ಅಡಗಿಮನಿ ಕಪಾಟು ಇವೆಲ್ಲ ಬಿಸಿ ಜಾಗ. ಒಳಕೋಣಿಯಾಗ ಕೆಳಗಿನ ಖಾನೆದಾಗ, ಡಬ್ಬಿಯೊಳಗಿನ ಸಿಲಿಕಾ ಪುಡಿಕಿ ತೆಗೀದೆ, ಮುಚ್ಚಳ ಬಿಗಿ ಮಾಡಿ ಇಡ್ರಿ. ಕ್ಯಾಪ್ಸೂಲ್ ಬಿಚ್ಚಿದಾಗ ಪುಡಿ ಗಟ್ಟಿ ಉಂಡಿ ಆಗಿದ್ರ ಅದನ್ನ ಕೊಡಬ್ಯಾಡ್ರಿ. ಆರ್ಡರ್ ಮಾಡೋವಾಗ ಮೂರು ತಿಂಗಳಿಗೆ ಬೇಕಾಗೋದಷ್ಟೇ ತರಿಸ್ರಿ, ಮತ್ತ ಏಪ್ರಿಲ್-ಮೇದಾಗ ಕೊರಿಯರ್ ಗಾಡಿಯಾಗ ಬೇಯೋದು ತಪ್ಪಲಿ ಅಂದ್ರ ಫೆಬ್ರವರಿಯಾಗೇ ತರಿಸಿಟ್ಟುಕೋರಿ.